ಕಾಲರ್ ಹೊಲಿಯುವ ಕೈ

ಕೈ ಹಿಡಿದರೆ ಸಾಕು, ಒಬ್ಬರ ಕೈಚಳಕ ಸಂಜೆಯವರೆಗೆ ಇನ್ನೊಬ್ಬರಿಗೆ ದಾಟುತ್ತಿದ್ದ ಕಾಲವದು. ಕೊಟ್ಟವರ ಕೈ ಅಲ್ಲಿಯವರೆಗೆ ಪೆದ್ದು. ಹಾಗಾಗಿ ಆ ಗಾರ್ಮೆಂಟ್ಸ್‌ನಲ್ಲಿ ಫಿಲೋಮಿನಾಳ ಹೊರತು ಯಾವ ಸೂಪರ್‌ವೈಸರೂ ಕೈ ಚಾಚುತ್ತಿರಲಿಲ್ಲ.

ಒಂದು ದಿನ, ಹೊಲಿದ ಕಾಲರ್ ಕೆಟ್ಟರೆ ಹೊಸಬಳಾದ ಗಂಗರತ್ನಳ ಕೆಲಸ ಹೋಗುವುದಿತ್ತು. ಫಿಲೋಮಿನಾ ಬೆಳಿಗ್ಗೆಯೇ ಅವಳ ಕೈ ಹಿಡಿದಳು. ಆಮೇಲೆ ಸೂಜಿಗೆ ದಾರ ಪೋಣಿಸಲೂ ಬಾರದೆ, ನಗುವವರ ಜೊತೆ ತಾನೂ ನಗುತ್ತ ದಿನ ಕಳೆದಳು. ಗಂಗರತ್ನಳ ಕಾಲರುಗಳೆಲ್ಲ ಪಾಸಾದವು.

ಸಂಜೆ ಕೈಚಳಕ ಮರಳಿದಾಗ ಫಿಲೋಮಿನಾ ಒಂದು ಕಾಲರ್ ಹೊಲಿದಳು. ಮೂಲೆಯಲ್ಲಿ ಅವಳ ಬೆರಳು ಹೊಸ ರೀತಿಯಲ್ಲಿ ತಿರುಗಿತು.

“ಇದನ್ನ ನಾನು ಕೊಟ್ಟಿರ್ಲಿಲ್ವಲ್ಲೇ!” ಎಂದು ಪಕ್ಕದಲ್ಲಿದ್ದ ಗಂಗರತ್ನಳತ್ತ ತಿರುಗಿದಳು.

“ತಪ್ಪಾಯ್ತಾ ಮೇಡಂ? ಹಂಗೆ ತಿರುಗಿಸಿದ್ರೆ ಸುಲಭ ಅನ್ನಿಸ್ತು,” ಗಂಗರತ್ನ ಹೆದರಿದಳು.

“ಇಪ್ಪತ್ತು ವರ್ಷ ಹೊಲಿದ್ರೂ ನಂಗಿದು ಹೊಳೀಲೇ ಇಲ್ವಲ್ಲ!”

ಮರುದಿನ ಗಂಗರತ್ನಳ ಮುಂದೆ ಹೆಂಗಸರೆಲ್ಲ ತಮ್ಮ ಕೈಚಳಕ ಕೊಡಲು ಕೈ ಚಾಚಿ ಸಾಲುಗಟ್ಟಿದ್ದರು. ಮೊದಲು ನಿಂತವಳು ಫಿಲೋಮಿನಾ.