ಸೀಮಂತದ ಎಂಜಲು

ಏಳು ತಿಂಗಳ ಬಸುರಿ ವಾರಿಜಾಳ ಸೀಮಂತಕ್ಕೆ ಅತ್ತೆ ಜ್ವರದವಳೊಬ್ಬಳನ್ನು ಕರೆಸಿದ್ದರು. ಆ ಜ್ವರದ ವೈರಸ್ ಬಸುರಿಯಿಂದ ಹೊಟ್ಟೆಯೊಳಗಿನ ಕೂಸಿಗೆ ದಾಟಿದರೆ, ಹುಟ್ಟುವ ಮಗು ಅಳುವುದಿಲ್ಲ, ಹಟ ಮಾಡುವುದಿಲ್ಲ, ಜನ್ಮದಲ್ಲಿ ಎದುರಾಡುವುದಿಲ್ಲ. ಹಾಗಾಗಿ ಯಾರ ಮನೆಯಲ್ಲೂ ಈ ಶಾಸ್ತ್ರ ತಪ್ಪುತ್ತಿರಲಿಲ್ಲ.

ಜ್ವರದವಳು ಸೋರುವ ಮೂಗನ್ನು ಸೆರಗಿಗೆ ಒರೆಸಿಕೊಂಡು, ಹೋಳಿಗೆ ಕಚ್ಚಿ, ಜೊಲ್ಲು ಹತ್ತಿದ ಉಳಿದರ್ಧವನ್ನು ವಾರಿಜಾಳ ಬಾಯಿಗೆ ಹಿಡಿದಳು. ಕಫದ ನಾತಕ್ಕೆ ವಾರಿಜಾ ಮುಖ ತಿರುಗಿಸಿದಳು.

"ಥೂ, ಕಂಡವರ ಎಂಜಲು! ನಂಗೆ ಬೇಡ."

"ಮುಖ ಸಿಂಡರಿಸಬೇಡ ಕಣೇ. ಗಿರಿ ಹೊಟ್ಟೇಲಿದ್ದಾಗ ನಾನೂ ತಿಂದೆ," ಎಂದರು ಅತ್ತೆ.

ವಾರಿಜಾ ಗಂಡನತ್ತ ತಿರುಗಿದಳು. "ನೀವಾದ್ರೂ ಬೇಡ ಅನ್ರೀ!"

ಗಿರಿಧರ ಅಮ್ಮನ ಮುಖ ನೋಡಿ ನಕ್ಕ. ಆಮೇಲೆ ಹೆಂಡತಿಯ ಗಲ್ಲ ಹಿಡಿದು, ಮೆತ್ತಗೆ ಬಾಯಿ ಬಿಡಿಸಿದ.