ಬುಧವಾರದವರೆಗಿನ ಮಾತ್ರೆ

ಗಿರಾಕಿ ಬಿಲ್ಲಿನ ಯಂತ್ರಕ್ಕೆ ಹೆಬ್ಬೆಟ್ಟು ಒತ್ತಿದ ಮೇಲೆ ನಾನು ಮಾತ್ರೆಯ ಪೊಟ್ಟಣದ ಕೋಡ್ ಸ್ಕ್ಯಾನ್ ಮಾಡುತ್ತೇನೆ. ಮುಂದಿನ ಹತ್ತು ದಿನದಲ್ಲಿ ಅವರಿಗೆ ನೋವಿರುವ ದಿನಗಳಿಗೆ ಮಾತ್ರ, ದಿನಕ್ಕೊಂದರಂತೆ ಬಿಲ್ ಬರುತ್ತದೆ. ನಮ್ಮ ಮೆಡಿಕಲ್ ಶಾಪಿನಲ್ಲಿ ಅದು ಒಮ್ಮೆಯೂ ತಪ್ಪಿಲ್ಲ.

ಸೋಮವಾರ ಬೆಳಿಗ್ಗೆ ಮಂಡಿನೋವಿನ ಗೌರಕ್ಕನಿಗೆ ಮೂರೇ ಮಾತ್ರೆ ಬಂದವು.

"ಗುರುವಾರದಿಂದ ಬೇಡ್ವಂತೆ," ಎಂದೆ.

"ಸದ್ಯ, ವಾಸಿ ಆಗುತ್ತೆ ಅನ್ನು," ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಹಿಂದೆ ಅಮ್ಮನ ಬಿಲ್ಲೂ ಹೀಗೆಯೇ ಒಂದು ಶುಕ್ರವಾರಕ್ಕೆ ನಿಂತಿತ್ತು. ಶನಿವಾರ ಅಮ್ಮ ಇರಲಿಲ್ಲ.

ಗೌರಕ್ಕನ ಹಿಂದಿದ್ದ ಟೈಲರ್ ಮಾಬುಸಾಬರ ಬೆನ್ನುನೋವಿಗೂ ಮೂರು. ಹಲ್ಲುನೋವಿನ ಮೇಷ್ಟ್ರಿಗೂ ಮೂರು. ಸಾಲಿನಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿ ಖುಷಿಪಟ್ಟರು. ಯಾರಿಗೂ ಕಾಣದಂತೆ ನನ್ನ ಹೆಬ್ಬೆಟ್ಟನ್ನೂ ಒತ್ತಿ ನೋಡಿದೆ. ಹದಿನೈದು ವರ್ಷದಿಂದ ಒಂದು ದಿನವೂ ಬಿಡದ ತಲೆನೋವು ನನ್ನದು. ಮೂರೇ ಬಂತು.

ಮೆಟ್ಟಿಲಿಳಿಯುತ್ತಿದ್ದ ಗೌರಕ್ಕ ತಿರುಗಿ ನಿಂತರು. "ಗುರುವಾರ ಅಂಗಡಿ ತೆಗ್ದಿರುತ್ತೇನಪ್ಪಾ? ಮೊಮ್ಮಗಳಿಗೆ ಹಾಲಿನ ಪುಡಿ ಬೇಕಿತ್ತು."

"ಇವತ್ತೇ ತಗೊಂಡ್ಹೋಗಿ ಗೌರಕ್ಕ," ಎಂದೆ.

ದೊಡ್ಡ ಡಬ್ಬಿಯನ್ನು ಅಲ್ಲೇ ಬಿಟ್ಟು ಸಣ್ಣದನ್ನು ತೆಗೆದುಕೊಟ್ಟೆ. ಮೂರು ದಿನಕ್ಕೆ ಅದು ಸಾಕು.