ಎರಡನೇ ಸುತ್ತಿನ ಉತ್ತರ

"ರಾತ್ರಿ ನಿದ್ದೆ ಬರುತ್ತಾ ಅಮ್ಮ?"

"ಚೆನ್ನಾಗಿ ಬರುತ್ತೆ," ಎಂದಳು ಭಾರತಮ್ಮ.

ರಜನಿ ಸೊನ್ನೆಗೆ ಗುರುತು ಹಾಕಿದಳು. ಊಟ ಸೇರುತ್ತೆ, ಕೆಲಸದಲ್ಲಿ ಮನಸ್ಸು ನಿಲ್ಲುತ್ತೆ, ಬದುಕು ಬೇಡ ಅನ್ನಿಸಲ್ಲ. ಒಂಬತ್ತು ಪ್ರಶ್ನೆಗಳೂ ಮುಗಿದಾಗ ದುಃಖದ ಒಟ್ಟು ಅಂಕ ಎರಡು. ಆರು ತಿಂಗಳ ಹಿಂದೆ, ಮಗಳು ಮೇಘನ ಡೆಂಗಿ ಜ್ವರದಲ್ಲಿ ತೀರಿಕೊಂಡ ಹೊಸದರಲ್ಲಿ, ಇದೇ ತಾಯಿಯ ಅಂಕ ಇಪ್ಪತ್ತೆರಡಿತ್ತು.

ರಜನಿ ಮನಶ್ಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಮಕ್ಕಳನ್ನು ಕಳೆದುಕೊಂಡ ತಾಯಂದಿರನ್ನು ವಾರಕ್ಕೊಮ್ಮೆ ಒಟ್ಟಿಗೆ ಕೂರಿಸಿ ಮಾತಾಡಿಸಿದರೆ ದುಃಖ ಇಳಿಯುತ್ತದೆಯೇ ಎಂದು ಅಳೆದು ತೋರಿಸುವುದು ಅವಳ ಕೆಲಸ. ಮುಳಬಾಗಿಲು ತಾಲ್ಲೂಕಿನ ನಲವತ್ತೊಂದು ಮನೆಗಳಲ್ಲಿ ದೇವರಾಯಸಮುದ್ರದ ಈ ಮನೆಯೇ ಕೊನೆಯದು. ಎಲ್ಲ ಕಡೆಯೂ ಅಂಕ ಇಳಿದಿತ್ತು. 'ಮನಸ್ಸನ್ನು ಅಳೆಯೋದೂ ಒಂದು ವಿಜ್ಞಾನಾನಾ' ಎಂದು ಹಾಸ್ಟೆಲಿನಲ್ಲಿ ನಗುತ್ತಿದ್ದವರ ಮುಂದೆ ಇಡಲು ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿರಲಿಲ್ಲ.

ಅಷ್ಟರಲ್ಲಿ ಭಾರತಮ್ಮನ ಗಂಡ ಮುನಿಶಾಮಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬಂದ. ಹೆಂಡತಿಯ ಉತ್ತರಗಳು ಅವನ ಕಿವಿಗೆ ಬಿದ್ದಿದ್ದವು.

"ನಿದ್ದೆ ಬರುತ್ತಂತಾ? ರಾತ್ರಿಯೆಲ್ಲಾ ರೇಷ್ಮೆ ಹುಳದ ಮನೇಲಿ ಒಬ್ಬಳೇ ಕೂತಿರ್ತಾಳೆ ಮೇಡಂ. ನಿನ್ನೆಯಿಂದ ಮುದ್ದೆ ಮುಟ್ಟಿಲ್ಲ." ಹೊರೆ ಇಳಿಸಿ ಒಳಗೆ ಹೋದ.

ರಜನಿ ಪೆನ್ನು ಕೆಳಗಿಟ್ಟಳು. "ಯಾಕಮ್ಮ ಹಂಗೆ ಹೇಳಿದ್ರಿ? ಊರೋರು ಏನಾದ್ರೂ ಅಂದ್ಕೊತಾರೆ ಅಂತ ಭಯಾನಾ?"

"ಭಯ ಎಂಥದು ತಾಯಿ?" ಭಾರತಮ್ಮ ಸೊಪ್ಪಿನ ಕಟ್ಟು ಬಿಚ್ಚತೊಡಗಿದಳು. "ಹೋದ್ಸಲ ನಾನು ಅತ್ತಾಗ ನೀನೂ ಅತ್ತುಬಿಟ್ಟೆ. ನನ್ ಮಗಳ ವಯಸ್ಸೇ ಇರ್ಬೇಕು ನಿಂಗೆ. ಎರಡು ಬಸ್ಸು ಹತ್ತಿ ಬರೋ ಹುಡುಗೀನ ಮತ್ತೆ ಯಾಕೆ ಅಳಿಸ್ಲಿ ಅನ್ನಿಸ್ತು."

ರಜನಿ ಬೀದಿಗೆ ಹೋಗಿ ತನ್ನ ಮಾರ್ಗದರ್ಶಕ ಚಂದ್ರಮೋಹನ್ ಅವರಿಗೆ ಫೋನು ಮಾಡಿದಳು. "ಸರ್, ಈ ಒಂದು ಫಾರಂ ಕೈಬಿಡ್ತೀನಿ. ಅವರ ತಪ್ಪಿಲ್ಲ. ಹೋದ ಸಲ ನಾನು ಅವರ ಮುಂದೆ ಅತ್ತುಬಿಟ್ಟಿದ್ದೆ."

ಅವರು ಬೈಯಲಿಲ್ಲ. ಮೆಲ್ಲಗೆ ಕೇಳಿದರು: "ಉಳಿದ ನಲವತ್ತು ಮನೇಲಿ ಅತ್ತಿರ್ಲಿಲ್ವಾ?"

ಎಷ್ಟು ಮನೆಗಳಲ್ಲಿ ಅತ್ತಿದ್ದೆ ಎಂದು ಅವಳು ಎಲ್ಲೂ ಬರೆದಿಟ್ಟಿರಲಿಲ್ಲ. ಆಮೇಲೆ ಮಾಡ್ತೀನಿ ಎಂದು ಫೋನು ಇಟ್ಟಳು.

ಜಗಲಿಗೆ ಮರಳಿದವಳ ಮುಖ ನೋಡಿ ಭಾರತಮ್ಮ ಗಾಬರಿಯಾದಳು. "ನನ್ನಿಂದ ನಿನ್ ಓದು ಕೆಟ್ಟೋಯ್ತಾ ಮಗ?"

"ಇಲ್ಲಮ್ಮ. ನಿಮ್ಮಿಂದ ಅಲ್ಲ."

"ಇನ್ನೊಂದ್ಸಲ ಕೇಳು. ಈಗ ಇದ್ದದ್ದು ಇದ್ದಂಗೆ ಹೇಳ್ತೀನಿ. ಆದ್ರೆ ನೀನು ಆ ಕಡೆ ತಿರುಗಿ ಕೂತ್ಕೊ. ನಿನ್ ಮುಖ ನೋಡ್ಕೊಂಡು ನಂಗೆ ಹೇಳಕ್ಕಾಗಲ್ಲ."

ರಜನಿ ಹೊಸ ಫಾರಂ ತೆಗೆದು, ಅವಳಿಗೆ ಬೆನ್ನು ಮಾಡಿ ಕುಳಿತಳು. ಮೊದಲ ಪ್ರಶ್ನೆ ಓದಿದಳು. ಉತ್ತರದ ಬದಲು ಹಿಂದಿನಿಂದ ಒರಟಾದ ಒಂದು ಕೈ ಬಂದು, ಒದ್ದೆಯಾಗಿದೆಯೇ ಎಂದು ಅವಳ ಕೆನ್ನೆ ಮುಟ್ಟಿ ನೋಡಿತು.